ಏರಿಳಿದರೂ ಅಲುಗದ ಬೆಡ್

ಮನೆಯಲ್ಲೇ ಲೇಸರ್ ಕಟ್ಟರ್ ಕಟ್ಟುವವರು ನಾಲ್ಕು ಜನ ಸೇರಿದರೆ ಮಾತು ಶುರುವಾಗುವುದು ಟ್ಯೂಬಿನಿಂದ. 40 ವ್ಯಾಟಿನದೋ 60ರದೋ, ಪವರ್ ಸಪ್ಲೈ ಬಾಳಿಕೆ ಬಂತೋ ಇಲ್ಲವೋ, ಕನ್ನಡಿಗಳನ್ನು ಎಲ್ಲಿಂದ ತರಿಸಿದಿರಿ. ಕತ್ತರಿಸುವ ಹಲಗೆ ಕೂರುವ ಬೆಡ್ಡಿನ ಬಗ್ಗೆ ಯಾರೂ ಕೇಳುವುದಿಲ್ಲ. ಮೇಲೆ ಹೋಗಬೇಕು, ಕೆಳಗೆ ಬರಬೇಕು, ಅದರಲ್ಲೇನಿದೆ ಎನ್ನುವ ಭಾವ. ನನ್ನ ಯಂತ್ರದಲ್ಲಿ ಲೇಸರ್ ಬೇಗ ಉರಿಯಿತು. ಬೆಡ್ ಮಾತ್ರ ಓರೆಯಾಗದೆ, ನಡುವೆ ಸಿಕ್ಕಿಕೊಳ್ಳದೆ, ಹೇಳಿದಷ್ಟು ಎತ್ತರಕ್ಕೆ ಏರಿ ಅಲ್ಲೇ ನಿಲ್ಲುವಂತಾಗಲು ಒಂದು ಮಳೆಗಾಲ ಕಳೆದು ಚಳಿಗಾಲವೂ ಮುಗಿಯಬೇಕಾಯಿತು. ಆಗ ಕಲಿತದ್ದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಕಲಿಸಿದ ಸೋದರಮಾವ ಈಗಿಲ್ಲ. ಬರೆಯುವುದನ್ನು ಇನ್ನು ಮುಂದೂಡುವುದು ಸರಿಯಲ್ಲ.

ಅಕ್ಷರ ಬರೆಯುವುದು ನನ್ನ ಕಸುಬು. ಪುಸ್ತಕದ ಮುಖಪುಟಕ್ಕೆ, ಅಂಗಡಿಯ ಬೋರ್ಡಿಗೆ, ಮದುವೆಯ ಆಮಂತ್ರಣಕ್ಕೆ ಕನ್ನಡದ ಅಕ್ಷರ ಬೇಕಾದವರು ಬರುತ್ತಾರೆ. 2015ರ ಸುಮಾರಿಗೆ ಅಂಗನವಾಡಿ ಮಕ್ಕಳಿಗಾಗಿ ಮರದಲ್ಲಿ ವರ್ಣಮಾಲೆ ಮಾಡುವ ಆಸೆ ಹುಟ್ಟಿತು. ಸ್ಲೇಟು ಹಿಡಿಯುವ ಮೊದಲೇ ಮಗು ಅಕ್ಷರದ ಅಂಚಿನ ಮೇಲೆ ಬೆರಳಾಡಿಸಬೇಕು, ‘ಅ’ ಎಲ್ಲಿ ಸುತ್ತಿ ಎಲ್ಲಿ ಮುಗಿಯುತ್ತದೆಂದು ಕೈಗೆ ಗೊತ್ತಾಗಬೇಕು ಎಂಬುದು ನನ್ನ ನಂಬಿಕೆ. ನಮ್ಮ ಅಕ್ಷರಗಳು ಬಹುಪಾಲು ದುಂಡು. ಗರಗಸದಲ್ಲಿ ಆ ತಿರುವುಗಳನ್ನು ತೆಗೆಯುವ ಬಡಗಿಗಳು ಇದ್ದಾರೆ. ಆದರೆ ನೂರಾರು ಅಂಗನವಾಡಿಗಳಿಗೆ ಆಗುವಷ್ಟು ಅಲ್ಲ. ‘ಠ’ದ ಹೊಟ್ಟೆಯೊಳಗಿನ ಚುಕ್ಕೆಯನ್ನು ಸಣ್ಣದೊಂದು ಸೇತುವೆ ಬಿಟ್ಟು ಹಿಡಿದಿಡಬೇಕು, ಇಲ್ಲದಿದ್ದರೆ ಅದು ಉದುರಿಹೋಗುತ್ತದೆ. ಒತ್ತಕ್ಷರದ ಬಾಲ ಎರಡು ಮಿಲಿಮೀಟರಿಗಿಂತ ಸಣ್ಣಗಾದರೆ ಮಗುವಿನ ಕೈಯಲ್ಲಿ ಮುರಿಯುತ್ತದೆ. ಇಂಥ ಕೆಲಸಕ್ಕೆ ಲೇಸರ್ ಹೇಳಿ ಮಾಡಿಸಿದ್ದು.

ಮರ ಚನ್ನಪಟ್ಟಣದ್ದು, ಅಲ್ಲಿನ ಗೊಂಬೆಗಳಿಗೆ ಬಳಸುವ ಹಾಲೆ ಮರ. ಹಾಲಿನಂಥ ಬಣ್ಣ, ನಯವಾದ ಎಳೆ, ಸಿಬಿರು ಏಳುವುದು ಕಡಿಮೆ. ಮಕ್ಕಳ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ಮರ ನನಗೆ ಗೊತ್ತಿಲ್ಲ. ಆದರೆ ಸಾ ಮಿಲ್ಲಿನಲ್ಲಿ ಸೀಳಿಸಿ ತಂದ ಹಲಗೆ ಕಾರ್ಖಾನೆಯ ಶೀಟಿನಂತೆ ಒಂದೇ ದಪ್ಪ ಇರುವುದಿಲ್ಲ. ಒಂದು 4 ಮಿಲಿಮೀಟರ್, ಇನ್ನೊಂದು 6, ಪೆಟ್ಟಿಗೆಯ ಮುಚ್ಚಳಕ್ಕೆಂದು ಕೊಯ್ದದ್ದು 12. ಯಂತ್ರಕ್ಕೆ ಏರಿಳಿಯುವ ಬೆಡ್ ಬೇಕೇ ಬೇಕು ಎಂದು ತೀರ್ಮಾನವಾದದ್ದು ಈ ಹಲಗೆಗಳಿಂದ.

ಯಾಕೆ ಬೇಕು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಥ ಯಂತ್ರದ ಗಾಜಿನ ಟ್ಯೂಬಿನೊಳಗೆ ಇಂಗಾಲದ ಡೈಆಕ್ಸೈಡ್, ನೈಟ್ರೋಜನ್, ಹೀಲಿಯಂ ಅನಿಲಗಳ ಮಿಶ್ರಣ ಇರುತ್ತದೆ. ಈ ಬಗೆಯ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಮೊದಲು ಮಾಡಿ ತೋರಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಇದರ ಕಿರಣದ ತರಂಗಾಂತರ 10.6 ಮೈಕ್ರಾನ್, ಕಣ್ಣಿಗೆ ಕಾಣುವುದಿಲ್ಲ. ಮೂರು ಕನ್ನಡಿಗಳಿಗೆ ಬಡಿದು ತಿರುಗಿ ತಲೆಯಲ್ಲಿರುವ ಲೆನ್ಸಿಗೆ ಬಂದು, ಅಲ್ಲಿಂದ ಕೆಳಕ್ಕೆ ಕಿರಿದಾಗುತ್ತಾ ಇಳಿಯುತ್ತದೆ. ನನ್ನ ಲೆನ್ಸಿನದು 50.8 ಮಿಲಿಮೀಟರ್, ಅಂದರೆ ಎರಡು ಇಂಚಿನ ನಾಭಿದೂರ. ಅಷ್ಟು ದೂರದಲ್ಲಿ ಕಿರಣ ಮಿಲಿಮೀಟರಿನ ಏಳೆಂಟನೇ ಒಂದು ಭಾಗದಷ್ಟು ಸಣ್ಣಗಾಗಿ, ಅಲ್ಲಿಂದಾಚೆ ಮತ್ತೆ ಅಗಲವಾಗುತ್ತದೆ. ಮರ ಕತ್ತರಿಸುವ ಸತ್ವ ಇರುವುದು ಆ ಸಣ್ಣ ಸೊಂಟದಲ್ಲಿ. ಅದರ ಮೇಲೊಂದು, ಕೆಳಗೊಂದು ಮಿಲಿಮೀಟರ್ ಆಚೀಚೆಯಾದರೆ ನಡೆದೀತು. ಅದಕ್ಕಿಂತ ಹೆಚ್ಚಾದರೆ ಗೀರು ಅಗಲವಾಗಿ ಕಪ್ಪಾಗುತ್ತದೆ, ಹಲಗೆ ಕೆಳಗಿನವರೆಗೆ ತುಂಡಾಗುವುದಿಲ್ಲ.

ಈಗ 600 ಮಿಲಿಮೀಟರ್ ಅಗಲ, 400 ಮಿಲಿಮೀಟರ್ ಆಳದ ಬೆಡ್ ಒಂದನ್ನು ಎಣಿಸಿಕೊಳ್ಳಿ. ಅದರ ಒಂದು ಮೂಲೆ ಇನ್ನೊಂದಕ್ಕಿಂತ ಮೂರು ಮಿಲಿಮೀಟರ್ ಕೆಳಗಿದ್ದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ವರ್ಣಮಾಲೆ ಕತ್ತರಿಸಿ ನೋಡಿದರೆ ‘ಅ’ದಿಂದ ‘ಚ’ದವರೆಗಿನ ಅಕ್ಷರಗಳು ಕೈಗೆ ಬರುತ್ತವೆ, ‘ಪ’ವರ್ಗ ಹಲಗೆಗೇ ಅಂಟಿಕೊಂಡಿರುತ್ತದೆ. ಅಂಟಿದ್ದನ್ನು ಚಾಕುವಿನಿಂದ ಬಿಡಿಸಹೋದರೆ ಬಾಲ ಮುರಿಯುತ್ತದೆ.

ಎಲ್ಲರೂ ಹಾಕುವ ನಕ್ಷೆಯನ್ನೇ ನಾನೂ ಹಾಕಿದ್ದೆ: ನಾಲ್ಕು ಮೂಲೆಗೆ ನಾಲ್ಕು ಲೀಡ್ ಸ್ಕ್ರೂ, ಅವುಗಳ ಪಕ್ಕದಲ್ಲಿ ನಾಲ್ಕು ನುಣುಪು ರಾಡು, ರಾಡಿನ ಮೇಲೆ ಲೀನಿಯರ್ ಬೇರಿಂಗು, ನಾಲ್ಕೂ ಸ್ಕ್ರೂ ಒಟ್ಟಿಗೆ ತಿರುಗಲು ಕೆಳಗೊಂದು ಹಲ್ಲಿನ ಬೆಲ್ಟು, ಬೆಲ್ಟು ತಿರುಗಿಸಲು ಒಂದು ಸ್ಟೆಪ್ಪರ್ ಮೋಟರು. ಸಾಮಾನು ಸದರ್ ಪತ್ರಪ್ಪ ರಸ್ತೆಯದು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಮುಟ್ಟಿದವರಿಗೆಲ್ಲ ಆ ಎಸ್‌.ಪಿ. ರೋಡು ಗೊತ್ತು. ಮೋಟರು, ಪುಲ್ಲಿ, ಬೇರಿಂಗು ಎಲ್ಲ ಒಂದೇ ಓಣಿಯಲ್ಲಿ ಸಿಕ್ಕವು. ಮಲ್ಲೇಶ್ವರದ ಬಾಡಿಗೆ ಮನೆಯ ಕಾರ್ ಶೆಡ್ಡು ನನ್ನ ಕಾರ್ಖಾನೆಯಾಯಿತು.

ಕಟ್ಟಿ ಮುಗಿಸಿದ ಮೇಲೆ ಬೆಡ್ ಅರ್ಧದವರೆಗೆ ಏರುತ್ತಿತ್ತು, ಅಲ್ಲಿ ಕಿರುಗುಟ್ಟಿ ನಿಲ್ಲುತ್ತಿತ್ತು. ಮೋಟರು ಗುಂಯ್‌ಗುಡುತ್ತಾ ಹೆಜ್ಜೆ ತಪ್ಪುತ್ತಿತ್ತು. ಬೋಲ್ಟು ಸಡಿಲಿಸಿದರೆ ಸಲೀಸಾಗಿ ಏರುತ್ತಿತ್ತು, ಆದರೆ ಅಲುಗಾಡುತ್ತಿತ್ತು. ಬಿಗಿ ಮಾಡಿದರೆ ಅಲುಗಾಟ ನಿಂತು ಜಾಮ್ ಆಗುತ್ತಿತ್ತು. ಈ ಎರಡರ ನಡುವೆ ಎಲ್ಲೋ ಸರಿಯಾದ ಬಿಗಿ ಇರಬೇಕೆಂದು ಹುಡುಕುತ್ತಾ ಸ್ಪ್ಯಾನರ್ ಹಿಡಿದು ಸಂಜೆಗಳನ್ನು ಕಳೆದೆ. ಇದರ ಜೊತೆಗೆ ಇನ್ನೊಂದು ತೊಂದರೆ. ಕರೆಂಟು ಹೋದಾಗೆಲ್ಲ ಬೆಡ್ ತಾನಾಗಿ ಮೆಲ್ಲಗೆ ಕೆಳಗಿಳಿದುಬಿಡುತ್ತಿತ್ತು. ದಪ್ಪ ಹಲಗೆ ಇಟ್ಟಿದ್ದರೆ ಇನ್ನೂ ಬೇಗ.

ಆ ಹೊತ್ತಿಗೆ ಮಾವ ಬಂದರು.

ಮಾವ ಎಚ್‌ಎಂಟಿಯವರು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಎಂದರೆ ಹೊರಗಿನವರಿಗೆ ಕೈಗಡಿಯಾರ. ಮಾವನಿಗೆ ಲೇತು. ಅವರ ಕೆಲಸ ಸ್ಕ್ರೇಪಿಂಗ್. ಎರಕದ ಕಬ್ಬಿಣದ ಲೇತ್ ಬೆಡ್ ಯಂತ್ರದಲ್ಲಿ ಎಷ್ಟೇ ನುಣುಪಾಗಿ ಬಂದಿರಲಿ, ಕೊನೆಯ ಮಟ್ಟ ಬರುತ್ತಿದ್ದುದು ಮನುಷ್ಯನ ಕೈಯಿಂದ. ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣ ತೆಳ್ಳಗೆ ಸವರಿ ಬೆಡ್ಡಿನ ಮೇಲೆ ಉಜ್ಜುವುದು. ಎಲ್ಲಿ ನೀಲಿ ಹತ್ತಿತೋ ಅಲ್ಲಿ ಉಬ್ಬಿದೆ ಎಂದರ್ಥ. ಆ ಚುಕ್ಕೆಯನ್ನಷ್ಟೇ ಸ್ಕ್ರೇಪರಿನಿಂದ ಕೆರೆಯುವುದು. ಮತ್ತೆ ನೀಲಿ, ಮತ್ತೆ ಉಜ್ಜುವುದು. ಒಂದು ಸಲ ಕೆರೆದರೆ ಹೋಗುವುದು ಮಿಲಿಮೀಟರಿನ ಕೆಲವು ಸಾವಿರದ ಭಾಗ ಮಾತ್ರ. ಹೀಗೆ ಕಬ್ಬಿಣವನ್ನು ಕೈಯಲ್ಲಿ ಸಮ ಮಾಡುತ್ತಾ ನೌಕರಿ ಮುಗಿಸಿ, ವಿದ್ಯಾರಣ್ಯಪುರದ ಮನೆಯಲ್ಲಿ ಗುಲಾಬಿ ಗಿಡ ಬೆಳೆಸಿಕೊಂಡಿದ್ದವರು. ಬಲ ಭುಜ ಎಡಕ್ಕಿಂತ ಸ್ವಲ್ಪ ಕೆಳಗಿತ್ತು. ಸ್ಕ್ರೇಪಿಂಗ್ ಮಾಡಿದವರಿಗೆಲ್ಲ ಹೀಗೇ ಎನ್ನುತ್ತಿದ್ದರು.

ಶೆಡ್ಡಿಗೆ ಬಂದವರು ಲೇಸರನ್ನು ತಿರುಗಿಯೂ ನೋಡಲಿಲ್ಲ. ಬಗ್ಗಿ ಬೆಡ್ಡಿನ ಕೆಳಗೆ ಕೈ ಹಾಕಿ ಒಂದು ಸ್ಕ್ರೂವನ್ನು ಬೆರಳಲ್ಲಿ ತಿರುಗಿಸಿದರು.

“ಇದನ್ನ ಎಷ್ಟು ಕಡೆ ಹಿಡಿದಿದ್ದೀಯ ಪುಟ್ಟಿ?”

“ನಾಲ್ಕು ಸ್ಕ್ರೂ, ನಾಲ್ಕು ರಾಡು. ಎಂಟು ಕಡೆ ಮಾವ. ಅಲುಗಬಾರದಲ್ಲ.”

“ಎಂಟು ಕಡೆ ಹಿಡಿದ ಮೇಲೆ ಅದು ಏಳೋದಾದ್ರೂ ಹೆಂಗೆ?”

ಆಮೇಲೆ ಅವರು ಹೇಳಿದ ಒಂದು ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹಾಗೇ ಇದೆ. “ಎತ್ತೋದು ಸ್ಕ್ರೂ ಕೆಲಸ. ದಾರಿ ತೋರಿಸೋದು ರಾಡಿನ ಕೆಲಸ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದ್ರೆ ಇಬ್ಬರೂ ಸವೀತಾರೆ.”

ಮೊದಲು ಸ್ಕ್ರೂಗಳನ್ನು ಬಿಚ್ಚಿಸಿದರು. ಅವು ಎಂಟು ಮಿಲಿಮೀಟರ್ ವ್ಯಾಸದವು. ಒಂದು ಸುತ್ತಿಗೆ ನಟ್ಟು ಎಂಟು ಮಿಲಿಮೀಟರ್ ಏರುವಂಥವು, ಅಂದರೆ ನಾಲ್ಕು ಎಳೆಯ ಮರೆ (ಥ್ರೆಡ್). ತ್ರೀಡಿ ಪ್ರಿಂಟರುಗಳಿಗೆ ಹೆಚ್ಚಾಗಿ ಹೋಗುವುದು ಇವೇ ಆದ್ದರಿಂದ ಅಂಗಡಿಯಲ್ಲಿ ಕೇಳದೆಯೇ ಇವನ್ನು ಕೊಡುತ್ತಾರೆ. ಮರೆಯ ಇಳಿಜಾರು ಸುಮಾರು 20 ಡಿಗ್ರಿ. ಹಿತ್ತಾಳೆಯ ನಟ್ಟು ಉಕ್ಕಿನ ಮೇಲೆ ಜಾರದೆ ನಿಲ್ಲುವುದು ಹತ್ತು ಡಿಗ್ರಿಯ ಆಸುಪಾಸಿನವರೆಗೆ ಮಾತ್ರ. ಅದಕ್ಕಿಂತ ಕಡಿದಾದರೆ ಭಾರವೇ ಸ್ಕ್ರೂವನ್ನು ತಿರುಗಿಸಿ ಕೆಳಗಿಳಿಯುತ್ತದೆ. ಕರೆಂಟು ಹೋದಾಗ ಬೆಡ್ ಇಳಿಯುತ್ತಿದ್ದುದು ಇದರಿಂದ. ಒಂದೇ ಎಳೆಯ, ಸುತ್ತಿಗೆ ಎರಡೇ ಮಿಲಿಮೀಟರ್ ಏರುವ ಸ್ಕ್ರೂ ತಂದೆ. ಅದರ ಇಳಿಜಾರು ಐದು ಡಿಗ್ರಿಯಷ್ಟು. ಮೋಟರು ಸತ್ತರೂ ಬೆಡ್ ಇದ್ದಲ್ಲೇ ಇರುತ್ತದೆ. ಏರುವುದು ನಿಧಾನ, ನಿಜ. ಆದರೆ ಬೆಡ್ ಏರಿಸುವುದು ಹಲಗೆ ಬದಲಾಯಿಸುವಾಗ ಮಾತ್ರ. ಅಲ್ಲಿ ಅವಸರವೇನೂ ಇಲ್ಲ. ಲಾಭ ಇನ್ನೊಂದಿದೆ. ಸ್ಟೆಪ್ಪರ್ ಮೋಟರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಎರಡು ಮಿಲಿಮೀಟರನ್ನು ಇನ್ನೂರರಿಂದ ಭಾಗಿಸಿದರೆ ಹೆಜ್ಜೆಗೆ ನೂರನೇ ಒಂದು ಮಿಲಿಮೀಟರ್.

ಆಮೇಲೆ ಬಂತು ಮುಖ್ಯ ಮಾತು.

“ನಿಮ್ಮಜ್ಜಿ ಊರಲ್ಲಿ ಒಲೆಗೆ ಎಷ್ಟು ಗುಂಡು ಇಟ್ಟಿದ್ರು, ನೆನಪಿದೆಯಾ?”

“ಮೂರು.”

“ನೆಲ ಹೆಂಗೇ ಇರಲಿ, ಮಡಕೆ ಒಂದಿನ ಆದ್ರೂ ಅಲುಗಾಡಿತ್ತಾ?”

ಮೂರು ಬಿಂದುಗಳ ಮೂಲಕ ಒಂದೇ ಸಮತಲ ಹಾಯುತ್ತದೆಂದು ಶಾಲೆಯ ರೇಖಾಗಣಿತದಲ್ಲಿ ಓದಿದ್ದೆ. ಆದರೂ ನನ್ನ ಬೆಡ್ಡಿಗೆ ನಾಲ್ಕು ಸ್ಕ್ರೂ ಇದ್ದವು. ನಾಲ್ಕನೆಯದು ಉಳಿದ ಮೂರಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದರೂ ಬೆಡ್ ತಿರುಚಿಕೊಳ್ಳುತ್ತದೆ, ಕಡಿಮೆಯಾದರೆ ಆ ಮೂಲೆ ಗಾಳಿಯಲ್ಲಿ ನಿಲ್ಲುತ್ತದೆ. ಒಂದು ಮೂಲೆ ಸರಿಮಾಡಿದಾಗ ಎದುರು ಮೂಲೆ ಕೆಡುತ್ತಿದ್ದುದು ನನ್ನ ಕೈಯ ದೋಷವಲ್ಲ, ಆ ನಕ್ಷೆಯ ಸ್ವಭಾವ. ಮೂರೇ ಸ್ಕ್ರೂ ಇದ್ದರೆ ಒಂದನ್ನು ತಿರುಗಿಸಿದಾಗ ಉಳಿದೆರಡರ ಎತ್ತರ ಹಾಗೇ ಇರುತ್ತದೆ, ಬೆಡ್ ತಿರುಚಿಕೊಳ್ಳುವ ಪ್ರಶ್ನೆಯೇ ಇಲ್ಲ.

ಮಾವನ ಈ ತಿಳಿವಳಿಕೆಗೆ ಒಂದು ಶಾಸ್ತ್ರವೂ ಇದೆಯೆಂದು ಆಮೇಲೆ ಓದಿ ತಿಳಿದೆ. ಯಾವುದೇ ಗಟ್ಟಿ ವಸ್ತುವಿಗೆ ಆರು ಬಗೆಯ ಚಲನೆ. ಎಡಬಲ, ಹಿಂದುಮುಂದು, ಮೇಲುಕೆಳಗು ಎಂದು ಮೂರು. ಈ ಮೂರೂ ದಿಕ್ಕಿನ ಸುತ್ತ ತಿರುಗುವುದು ಇನ್ನು ಮೂರು. ಪ್ರತಿಯೊಂದು ಚಲನೆಯನ್ನೂ ಒಂದೇ ಒಂದು ಕಡೆ ತಡೆಯಬೇಕು. ಒಂದೇ ಚಲನೆಯನ್ನು ಎರಡು ಕಡೆ ತಡೆದರೆ ಆ ಎರಡೂ ತಡೆಗಳು ಪರಸ್ಪರ ಸೆಣಸುತ್ತವೆ. ತಡೆಯದೆ ಬಿಟ್ಟರೆ ಅಲುಗಾಟ. 19ನೇ ಶತಮಾನದಲ್ಲಿ ಲಾರ್ಡ್ ಕೆಲ್ವಿನ್ ತನ್ನ ಸೂಕ್ಷ್ಮ ಉಪಕರಣಗಳನ್ನು ಇದೇ ಲೆಕ್ಕದಲ್ಲಿ ಕೂರಿಸುತ್ತಿದ್ದ. ಉಪಕರಣದ ಮೂರು ಕಾಲುಗಳಲ್ಲಿ ಒಂದು ಕುಳಿಯಲ್ಲಿ, ಒಂದು ಗೀರಿನಲ್ಲಿ, ಒಂದು ಬರೀ ಚಪ್ಪಟೆ ಜಾಗದಲ್ಲಿ ಕೂರುತ್ತಿತ್ತು. ಎತ್ತಿ ಮತ್ತೆ ಇಟ್ಟರೂ ಮೊದಲಿದ್ದ ಜಾಗಕ್ಕೇ ಬರುತ್ತಿತ್ತು.

ನಮ್ಮ ಹೊಸ ಬೆಡ್ ಈ ಲೆಕ್ಕದ ಮೇಲೆ ನಿಂತಿತು. ಮೂರು ಸ್ಕ್ರೂಗಳು ಎತ್ತರವನ್ನೂ ಎರಡು ಓರೆಗಳನ್ನೂ ನೋಡಿಕೊಂಡವು. ಉಳಿದದ್ದು ಎಡಬಲ, ಹಿಂದುಮುಂದು ಮತ್ತು ನಿಂತಲ್ಲೇ ಸುತ್ತುವುದು. ಅದಕ್ಕೆ ನಾಲ್ಕು ರಾಡು ಯಾಕೆ? ಎರಡು ಸಾಕು. ಒಂದು ರಾಡಿನ ಮೇಲೆ ಮಾವನೇ ತಿರುಗಿಸಿ ತಂದುಕೊಟ್ಟ ಗಿಡ್ಡ ಗನ್‌ಮೆಟಲ್ ಬುಷ್. ಅದು ಎಡಬಲ, ಹಿಂದುಮುಂದು ಎರಡನ್ನೂ ತಡೆಯಿತು. ಬುಷ್ ಗಿಡ್ಡವಾದ್ದರಿಂದ ಬೆಡ್ಡಿನ ಓರೆಯ ವಿಷಯಕ್ಕೆ ಅದು ತಲೆಹಾಕಲಿಲ್ಲ. ಎರಡನೇ ರಾಡಿಗೆ ದುಂಡನೆಯ ತೂತಲ್ಲ, ಮೊದಲ ರಾಡಿನ ಕಡೆಗೆ ಮುಖ ಮಾಡಿದ ಉದ್ದ ಸೀಳು. ಎರಡು ರಾಡುಗಳ ನಡುವಿನ ಅಂತರ ಮೇಲೊಂದು ಕೆಳಗೊಂದು ಇದ್ದರೂ ಆ ಸೀಳಿನಲ್ಲಿ ಸರಿದುಕೊಳ್ಳುತ್ತದೆ. ಬೆಡ್ ಸುತ್ತುವುದನ್ನು ಮಾತ್ರ ತಡೆಯುತ್ತದೆ. ಮೂರು, ಎರಡು, ಒಂದು. ಒಟ್ಟು ಆರು.

ನಟ್ಟುಗಳನ್ನು ಬೆಡ್ಡಿಗೆ ಬೋಲ್ಟು ಹಾಕಿ ಬಿಗಿಯುವುದನ್ನೂ ಮಾವ ಬಿಡಿಸಿದರು. ಅಂಗಡಿಯಲ್ಲಿ ಸಿಗುವ ಸ್ಕ್ರೂ ಪೂರ್ತಿ ನೆಟ್ಟಗಿರುವುದು ಅಪರೂಪ. ತಿರುಗುವಾಗ ತುಸು ತೂಗಾಡುತ್ತದೆ. ನಟ್ಟು ಬಿಗಿಯಾಗಿದ್ದರೆ ಆ ತೂಗಾಟವೆಲ್ಲ ಬೆಡ್ಡಿಗೆ ಬರುತ್ತದೆ. ಆದ್ದರಿಂದ ನಟ್ಟಿನ ಮೇಲೊಂದು ಉಕ್ಕಿನ ವಾಷರು, ಅದರ ಮೇಲೆ ಬೆಡ್ಡಿನ ತೋಳು ಬರೀ ತನ್ನ ಭಾರದಿಂದ ಕೂತಿರುತ್ತದೆ. ನಟ್ಟು ತಿರುಗದ ಹಾಗೆ ಒಂದು ಪಿನ್ನು, ಅಷ್ಟೇ. ಸ್ಕ್ರೂ ಪಕ್ಕಕ್ಕೆ ತೂಗಿದರೆ ನಟ್ಟು ವಾಷರಿನಡಿ ಸರಿದುಕೊಳ್ಳುತ್ತದೆ, ಬೆಡ್ಡಿಗೆ ಸುದ್ದಿ ಮುಟ್ಟುವುದಿಲ್ಲ. ಮರೆಯಲ್ಲಿ ಸ್ವಲ್ಪ ಪ್ಲೇ ಇದ್ದರೂ ಚಿಂತೆಯಿಲ್ಲ. ಭಾರ ಯಾವಾಗಲೂ ಕೆಳಕ್ಕೇ ಎಳೆಯುವುದರಿಂದ ನಟ್ಟು ಮರೆಯ ಒಂದೇ ಮುಖಕ್ಕೆ ಒತ್ತಿಕೊಂಡಿರುತ್ತದೆ. ಸ್ಕ್ರೂವಿನ ಬುಡದ ಭಾರ ಕೆಳಗಿನ ಬೇರಿಂಗಿನ ಮೇಲೆ ಬೀಳಬೇಕು, ಮೋಟರಿನ ಮೇಲಾಗಲಿ ಸ್ಪ್ರಿಂಗಿನಂಥ ಕಪ್ಲಿಂಗಿನ ಮೇಲಾಗಲಿ ಬೀಳಬಾರದು ಎಂಬುದನ್ನೂ ಅವರೇ ತೋರಿಸಿದರು.

ಬರೀ ಭಾರದಿಂದ ಕೂತ ಬೆಡ್ ಕೆಲಸದ ನಡುವೆ ಸರಿಯುವುದಿಲ್ಲವೇ ಎಂದು ನನಗೆ ಭಯವಿತ್ತು. ಮಾವನಿಗೂ ಇತ್ತು. ಅವರು ಕಂಡ ಯಂತ್ರಗಳಲ್ಲೆಲ್ಲ ಉಳಿ ಲೋಹವನ್ನು ಒತ್ತುತ್ತದೆ, ಬೆಡ್ ಆ ಒತ್ತಡವನ್ನು ತಡೆದುಕೊಳ್ಳಬೇಕು. ಲೇಸರ್ ಕತ್ತರಿಸುವುದನ್ನು ಮೊದಲ ಸಲ ನೋಡಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಇದು ಮರವನ್ನ ಮುಟ್ಟೋದೇ ಇಲ್ಲವಲ್ಲ” ಎಂದರು. ಹೌದು. ಬೆಳಕು ತಳ್ಳುವುದಿಲ್ಲ. ಈ ಬೆಡ್ ಬಲಶಾಲಿಯಾಗಿರಬೇಕಾಗಿಲ್ಲ, ಹೇಳಿದ ಜಾಗದಲ್ಲಿ ಇರಬೇಕು ಅಷ್ಟೆ. ಅದನ್ನು ಕಾಡುವುದು ಎರಡೇ: ತಲೆ ರಭಸದಿಂದ ಆಚೀಚೆ ಓಡುವಾಗ ಚೌಕಟ್ಟು ನಡುಗುವುದು, ಹಲಗೆ ಇಡುವಾಗ ನಮ್ಮ ಕೈ ಒತ್ತುವುದು.

ಕೈ ಒತ್ತುವುದು ಸಣ್ಣ ವಿಷಯವಲ್ಲ. ಮೂರು ಆಸರೆಗೆ ಒಂದು ಬೆಲೆ ಇದೆ, ಅದನ್ನು ಮುಚ್ಚಿಡಬಾರದು. ಮುಂದಿನ ಎರಡು ಮೂಲೆಗೆ ಎರಡು ಸ್ಕ್ರೂ, ಹಿಂದಿನ ಅಂಚಿನ ನಡುವೆ ಒಂದು ಎಂದು ಇಟ್ಟೆವು. ಬಾಗಿಲು ಮುಂದೆ ಇರುವುದರಿಂದ ಕೈ ಹೆಚ್ಚಾಗಿ ಬೀಳುವುದು ಅಲ್ಲೇ. ಆಗ ಹಿಂದಿನ ಎರಡು ಮೂಲೆಗಳು ತ್ರಿಕೋನದ ಹೊರಗೆ ಉಳಿದವು. ಲೆಕ್ಕ ಹಾಕಿದರೆ, ಬೆಡ್ಡಿನ ಮಧ್ಯಬಿಂದು ತ್ರಿಕೋನದ ಓರೆ ಅಂಚಿನಿಂದ 120 ಮಿಲಿಮೀಟರ್ ಒಳಗಿದೆ. ಹಿಂದಿನ ಮೂಲೆ ಅದೇ ಅಂಚಿನಿಂದ 240 ಮಿಲಿಮೀಟರ್ ಹೊರಗಿದೆ. ಅಂದರೆ ಆ ಮೂಲೆಯ ಮೇಲೆ ಬೆಡ್ಡಿನ ಅರ್ಧ ತೂಕದಷ್ಟು ಒತ್ತಿದರೆ ಬೆಡ್ ಮಗುಚಿಕೊಳ್ಳುತ್ತದೆ. ನನ್ನ ಬೆಡ್ ಆರು ಕೆ.ಜಿ. ಇತ್ತು, ಮೂರು ಕೆ.ಜಿ. ಸಾಕು. ಪರಿಹಾರವಾಗಿ ಪ್ರತಿ ಆಸರೆಯ ಹತ್ತಿರ ತೋಳಿನಿಂದ ನಟ್ಟಿಗೆ ಒಂದೊಂದು ಎಳೆಯುವ ಸ್ಪ್ರಿಂಗ್ ಹಾಕಿದೆವು. ಅದು ತೋಳನ್ನು ನಟ್ಟಿನ ಮೇಲೆ ಒತ್ತಿಹಿಡಿಯುತ್ತದೆ, ಚೌಕಟ್ಟು ನಡುಗಿದಾಗ ಗಡಗಡ ಸದ್ದನ್ನೂ ನಿಲ್ಲಿಸುತ್ತದೆ. ತುಂಬ ದೊಡ್ಡ ಬೆಡ್ ಕಟ್ಟುವವರು, ಮಣಭಾರದ ಕಲ್ಲು ಇಡುವವರು ನಾಲ್ಕು ಸ್ಕ್ರೂ ಹಾಕಿದರೆ ನಾನು ಬೇಡ ಎನ್ನುವುದಿಲ್ಲ. ಮನೆಯ ಯಂತ್ರದ ಅಳತೆಗೆ ಮೂರೇ ಸರಿ.

ಬೆಲ್ಟಿಗೂ ತ್ರಿಕೋನ ಒಗ್ಗಿತು. ಆಯತದ ಮೂಲೆಯಲ್ಲಿ ಬೆಲ್ಟು ಪುಲ್ಲಿಯನ್ನು ಕಾಲುಭಾಗ ಮಾತ್ರ ಸುತ್ತುತ್ತದೆ. 20 ಹಲ್ಲಿನ ಪುಲ್ಲಿಯಲ್ಲಿ ಐದು ಹಲ್ಲು. ತ್ರಿಕೋನದಲ್ಲಿ ಮುಂದಿನ ಪುಲ್ಲಿಗಳಿಗೆ ಏಳು, ಹಿಂದಿನದಕ್ಕೆ ಆರರಷ್ಟು ಹಲ್ಲು ಕಚ್ಚುತ್ತವೆ. ಕನಿಷ್ಠ ಆರು ಕಚ್ಚಿರಬೇಕೆಂಬುದು ಬೆಲ್ಟು ಮಾಡುವವರ ಸಾಮಾನ್ಯ ನಿಯಮ. ಬೆಲ್ಟು ಒಂದು ಹಲ್ಲು ಹಾರಿದರೂ ಆ ಆಸರೆಯಲ್ಲಿ ಬರುವ ವ್ಯತ್ಯಾಸ 0.1 ಮಿಲಿಮೀಟರ್.

ಇನ್ನು ಬೆಡ್ ಸಮ ಮಾಡುವುದು. ನಾನು ರಸಮಟ್ಟ ಹಿಡಿದು ಹೊರಟಿದ್ದೆ. ಮಾವ ಅದನ್ನು ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. “ಭೂಮಿಗೆ ಸಮ ಇದ್ದು ಏನು ಮಾಡ್ತೀಯ? ಕತ್ತರಿಸೋದು ಭೂಮಿ ಅಲ್ಲ, ತಲೆ. ತಲೆ ಓಡೋ ದಾರಿಗೆ ಸಮ ಇರಲಿ.” ತಮ್ಮ ಪೆಟ್ಟಿಗೆಯಿಂದ ಡಯಲ್ ಗೇಜ್ ತೆಗೆದು ಲೆನ್ಸಿನ ಪಕ್ಕಕ್ಕೆ ಕಟ್ಟಿದರು. ಮುಳ್ಳಿನ ಒಂದು ಗೀಟು ಎಂದರೆ ನೂರನೇ ಒಂದು ಮಿಲಿಮೀಟರ್. ಬೆಡ್ಡಿನ ಮೇಲೆ ಇಡಲು ಒಂದು ಸಪಾಟು ಮೇಲ್ಮೈ ಬೇಕಿತ್ತು, ಸರ್ಫೇಸ್ ಪ್ಲೇಟ್ ನಮ್ಮಲ್ಲಿ ಇರಲಿಲ್ಲ. ಗಾಜಿನಂಗಡಿಯಿಂದ ಆರು ಮಿಲಿಮೀಟರ್ ದಪ್ಪದ ಫ್ಲೋಟ್ ಗ್ಲಾಸ್ ತಂದೆ. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಗಾಜು ಅದು, ಅದಕ್ಕೇ ಅಷ್ಟು ಸಪಾಟು. ಮಾವ ಮೊದಲು ಒಪ್ಪಲಿಲ್ಲ. ಉಕ್ಕಿನ ಸ್ಟ್ರೈಟ್ ಎಡ್ಜ್ ಇಟ್ಟು ಕೆಳಗೆ ಬೆಳಕು ಬಿಟ್ಟು ನೋಡಿದ ಮೇಲೆ, “ಪರವಾಗಿಲ್ಲ ಕಣೇ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ತಲೆಯನ್ನು ಒಂದೊಂದು ಸ್ಕ್ರೂವಿನ ನೇರಕ್ಕೆ ತಂದು ಮುಳ್ಳು ನೋಡುವುದು. ಪುಲ್ಲಿಯ ಗ್ರಬ್ ಸ್ಕ್ರೂ ಸಡಿಲಿಸಿ ಆ ಒಂದು ಸ್ಕ್ರೂವನ್ನು ಮಾತ್ರ ಕೈಯಲ್ಲಿ ತಿರುಗಿಸುವುದು. ಮುಳ್ಳು ಸೊನ್ನೆಗೆ ಬಂದಾಗ ಬಿಗಿಯುವುದು. ನಾಲ್ಕು ಸ್ಕ್ರೂ ಇದ್ದಾಗ ಸಂಜೆಗಳನ್ನು ತಿಂದ ಕೆಲಸ ಒಂದು ಕಾಫಿಯ ಹೊತ್ತಿನಲ್ಲಿ ಮುಗಿಯಿತು. ಗಾಜಿನ ಅಂಚಿನಿಂದ ಅಂಚಿಗೆ ತಲೆ ಓಡಿಸಿದರೆ ಮುಳ್ಳು ಹತ್ತು ಗೀಟು ದಾಟಲಿಲ್ಲ.

ಗಾಜು ತೆಗೆದ ಮೇಲೆ ಅಲ್ಯೂಮಿನಿಯಂ ಹನಿಕೋಂಬ್ ಬಂತು. ಲೋಹದ ಹಾಳೆಯ ಮೇಲೆ ಹಲಗೆ ಇಟ್ಟರೆ ಕಿರಣ ಕೆಳಗೆ ಬಡಿದು ವಾಪಸು ಬಂದು ಹಲಗೆಯ ಹಿಂಬದಿ ಸುಡುತ್ತದೆ. ಹನಿಕೋಂಬಿನಲ್ಲಿ ಅದು ಕಡಿಮೆ, ಹೊಗೆಯೂ ಕೆಳಕ್ಕೆ ಹೋಗುತ್ತದೆ. ಅಕ್ರಿಲಿಕ್ಕಿಗೆ ಕತ್ತಿಯಂಥ ಪಟ್ಟಿಗಳ ಬೆಡ್ ಇನ್ನೂ ಚೆನ್ನ. ಆದರೆ ಹನಿಕೋಂಬಿನ ಗೂಡುಗಳಲ್ಲಿ ಮರದ ಜಿಡ್ಡು ಸೇರುತ್ತಾ ಹೋಗುತ್ತದೆ, ತೊಳೆಯದಿದ್ದರೆ ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಯಂತ್ರ ಓಡುವಾಗ ಅದರ ಎದುರಿನಿಂದ ಎದ್ದು ಹೋಗಬಾರದೆಂಬುದು ನಮ್ಮ ಶೆಡ್ಡಿನ ನಿಯಮವಾಗಿತ್ತು. ಮುಚ್ಚಳ ತೆರೆದು ಓಡಿಸಬಾರದು, ಕಾಣದ ಕಿರಣ ಕಣ್ಣನ್ನು ಸುಡುತ್ತದೆ. ಪಿವಿಸಿ ಹಾಳೆಯನ್ನು ಯಾರು ಎಷ್ಟು ಕೇಳಿಕೊಂಡರೂ ಕತ್ತರಿಸಬಾರದು. ಅದರ ಹೊಗೆಯಲ್ಲಿರುವ ಹೈಡ್ರೋಜನ್ ಕ್ಲೋರೈಡ್ ಮನುಷ್ಯರ ಶ್ವಾಸಕೋಶವನ್ನೂ ಯಂತ್ರದ ಉಕ್ಕನ್ನೂ ತಿನ್ನುತ್ತದೆ.

ಮಾರನೆಯ ವರ್ಷ ಮನೆ ಬದಲಾಯಿಸಿದಾಗ ಯಂತ್ರವನ್ನು ಲಗೇಜ್ ಆಟೋದಲ್ಲಿ ಸಾಗಿಸಿ ಹೊಸ ಜಾಗದಲ್ಲಿ ಇಟ್ಟೆ. ಡಯಲ್ ಕಟ್ಟಿ ನೋಡಿದರೆ ಒಂದು ಮೂಲೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಕೆಳಗಿತ್ತು. ಬೆಡ್ಡಿನಲ್ಲಿ ಏನೂ ಸಡಿಲವಾಗಿರಲಿಲ್ಲ. ಮಾವನಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಂತ್ರಕ್ಕೆ ಎಷ್ಟು ಕಾಲಿವೆ?”

ನಾಲ್ಕು. ಹೊಸ ನೆಲ ಸಮವಾಗಿರಲಿಲ್ಲ. ನಾಲ್ಕು ಕಾಲಿನ ಮೇಲೆ ಇಡೀ ಚೌಕಟ್ಟು ತಿರುಚಿಕೊಂಡು, ತಲೆ ಓಡುವ ಕಂಬಿಗಳೂ ಅದರೊಂದಿಗೆ ತಿರುಚಿದ್ದವು. ಎಚ್‌ಎಂಟಿಯ ಅಳತೆ ಕೋಣೆಯಲ್ಲಿ ಟನ್ನುಗಟ್ಟಲೆ ತೂಗುವ ಗ್ರಾನೈಟ್ ಸರ್ಫೇಸ್ ಪ್ಲೇಟನ್ನೂ ಮೂರೇ ಬಿಂದುಗಳ ಮೇಲೆ ಕೂರಿಸುತ್ತಿದ್ದರಂತೆ. ಹಿಂದಿನ ಎರಡು ಕಾಲು ತೆಗೆದು ನಡುವೆ ಒಂದು ಹಾಕಿದೆ. ಮುಳ್ಳು ಮತ್ತೆ ಮೊದಲಿನ ಜಾಗಕ್ಕೆ ಬಂತು. ಆಮೇಲೆ ಯಂತ್ರವನ್ನು ಎಲ್ಲಿಗೆ ಒಯ್ದಿಟ್ಟರೂ ಬೆಡ್ ಕೆಡಲಿಲ್ಲ.

ಆ ಬೆಡ್ಡಿನ ಮೇಲೆ ಕತ್ತರಿಸಿದ ವರ್ಣಮಾಲೆಗಳು ತುಮಕೂರು, ರಾಮನಗರ ಕಡೆಯ ಅಂಗನವಾಡಿಗಳಿಗೆ ಹೋದವು. ‘ಳ’ ಹಲಗೆಯ ಮೂಲೆಯಲ್ಲಿ ಬರುತ್ತಿತ್ತು, ಅದೂ ‘ಅ’ದಷ್ಟೇ ಸಲೀಸಾಗಿ ಕೈಗೆ ಬರುತ್ತಿತ್ತು. ಮಾವ ಒಂದು ಡಬ್ಬಿ ಅಕ್ಷರ ತೆಗೆದುಕೊಂಡು ಹೋಗಿ ಅಂಚುಗಳ ಮೇಲೆ ಹೆಬ್ಬೆರಳು ಓಡಿಸಿ ನೋಡಿ, ‘ಷ’ದ ಒಳಗೆ ಉಳಿದಿದ್ದ ಸಣ್ಣ ಸಿಬಿರನ್ನು ಉಜ್ಜಿ ತೆಗೆದು ವಾಪಸು ಕಳಿಸಿದರು.

ಯಂತ್ರ ಕಟ್ಟಲು ಹೊರಟಿರುವವರಿಗೆ ಎರಡು ಮಾತು. ಟ್ಯೂಬಿಗೆ ದುಡ್ಡು ಕೊಡುವ ಮೊದಲು ಒಂದು ಡಯಲ್ ಗೇಜ್ ಕೊಳ್ಳಿ. ಬೆಡ್ಡಿನ ವಿಷಯದಲ್ಲಿ ಕಣ್ಣನ್ನಾಗಲಿ ರಸಮಟ್ಟವನ್ನಾಗಲಿ ನಂಬಬೇಡಿ. ಎರಡನೆಯದು: ಜಾಲಹಳ್ಳಿ, ಭದ್ರಾವತಿ, ಕೆಜಿಎಫ್‌ನಂಥ ಊರುಗಳಲ್ಲಿ ದೊಡ್ಡ ಕಾರ್ಖಾನೆಗಳಿಂದ ನಿವೃತ್ತರಾದ ಫಿಟ್ಟರುಗಳು, ಟರ್ನರುಗಳು ಇನ್ನೂ ಇದ್ದಾರೆ. ಅವರಿಗೆ ಎಪ್ಪತ್ತು ಎಂಬತ್ತು ವಯಸ್ಸು. ನಿಮ್ಮ ಯಂತ್ರ ಎಲ್ಲಿ ಸಿಕ್ಕಿಕೊಳ್ಳುತ್ತಿದೆಯೆಂದು ಅವರನ್ನು ಕರೆದು ತೋರಿಸಿ, ಅವರು ಹೇಳಿದ್ದನ್ನು ಅಂದೇ ಬರೆದಿಟ್ಟುಕೊಳ್ಳಿ.